ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೆಸ್ನೋ ಹತ್ತಿರದ ಹೈಸ್ಕೂಲಿಗೆ ನರ್ಸ್ ಆಗಿ ಸೇರಿ ಮೂರು ತಿಂಗಳಾಯಿತು. ಮಕ್ಕಳಲ್ಲಿ ಬಹುಪಾಲು ಮೆಕ್ಸಿಕೋ ಮೂಲದ ಕೃಷಿ ಕಾರ್ಮಿಕರ ಮನೆಯವರು. ಹದಿನಾಲ್ಕು ಹದಿನೈದಕ್ಕೇ ಸ್ಥೂಲಕಾಯ ಬರುತ್ತಿದೆ. ತಿನ್ನಬಾರದ್ದರ ಪಟ್ಟಿ ಕೊಟ್ಟರೆ ಬ್ಯಾಗಿಗೆ ತುರುಕಿಕೊಂಡು ಹೋಗುತ್ತಾರೆ. ಅನುಭವ ಇದ್ದವರು ದಾರಿ ಹೇಳಿ.

ಉತ್ತರ 1: ಅಕ್ಕ, ನಾನು ಫ್ರೆಸ್ನೋ ಇರುವ ಇದೇ ಕಣಿವೆಯ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಡಯಟಿಷಿಯನ್. ನಾನೂ ಮೊದಮೊದಲು ಪಟ್ಟಿಯನ್ನೇ ಕೊಡುತ್ತಿದ್ದೆ. ಈಗ ಮೊದಲು ಕೇಳುವುದು ನಿದ್ದೆಯ ವಿಚಾರ. ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಅಪ್ಪ ಅಮ್ಮ ನಸುಕಿಗೇ ಮನೆ ಬಿಡುತ್ತಾರೆ. ತಮ್ಮ ತಂಗಿಯರನ್ನು ಎಬ್ಬಿಸಿ ಹೊರಡಿಸುವುದು ದೊಡ್ಡ ಮಗುವಿನ ಪಾಲು. ಅದರ ತಿಂಡಿ ತಪ್ಪುತ್ತದೆ, ಮೂರು ಗಂಟೆಗೆ ಚಿಪ್ಸ್ ಮತ್ತು ಸೋಡಾ, ರಾತ್ರಿ ಒಂದರವರೆಗೆ ಹಾಸಿಗೆಯಲ್ಲಿ ಫೋನು. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ದೇಹ ಹಸಿವೆ ಹೆಚ್ಚಿಸಿಕೊಂಡು ಸಿಹಿ, ಕರಿದದ್ದನ್ನೇ ಬೇಡುತ್ತದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2022ರಿಂದ ಬೆಳಗಿನ ತಿಂಡಿಯೂ ಎಲ್ಲರಿಗೂ ಉಚಿತ. ಅಂಥ ಮಗುವಿನ ಜೊತೆ ನೀವೇ ನಾಲ್ಕು ದಿನ ಶಾಲೆಯ ತಿಂಡಿಗೆ ಹೋಗಿ.

ಮನೆಯೂಟದ ತಂಟೆಗೆ ಹೋಗಬೇಡಿ. ಹುರುಳಿಯಂಥ ಕಾಳು, ಮೆಕ್ಕೆಜೋಳದ ಟೋರ್ಟಿಯಾ ರೊಟ್ಟಿ, ಪಾಪಸುಕಳ್ಳಿಯ ಪಲ್ಯ ಒಳ್ಳೆಯ ಊಟವೇ. ಬದಲಿಸಬೇಕಾದ್ದು ಕುಡಿಯುವುದನ್ನು. 355 ಮಿ.ಲೀ. ಕೋಲಾ ಕ್ಯಾನಿನಲ್ಲಿ ಸುಮಾರು 39 ಗ್ರಾಂ ಸಕ್ಕರೆ ಇರುತ್ತದೆ. ಮಕ್ಕಳಿಗೆ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗಿರಲಿ ಎನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಒಬ್ಬ ಅಜ್ಜಿ ನನ್ನೆದುರೇ 'ಹಮೈಕಾ' ಮಾಡಿದರು, ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದ ಕೆಂಪು ಹೂಕವಚ ಕುದಿಸಿದ ಪಾನಕ. ಒಂದು ಹೂಜಿಗೆ ಒಂದೂವರೆ ಲೋಟ ಸಕ್ಕರೆ! ವಾರಕ್ಕೆರಡು ಚಮಚ ಇಳಿಸುತ್ತಾ ಬನ್ನಿ ಅಂದೆ. ಎರಡು ತಿಂಗಳಿಗೆ ಸಕ್ಕರೆ ಅರ್ಧದಷ್ಟಾಯಿತು, ಮೊಮ್ಮಗನಿಗೆ ಗೊತ್ತೇ ಆಗಲಿಲ್ಲ.

ಉತ್ತರ 2: ನಾನು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ವಾರಾಂತ್ಯ ಫುಟ್‌ಬಾಲ್ ಹೇಳಿಕೊಡುತ್ತೇನೆ. ದಿನಕ್ಕೆ 60 ನಿಮಿಷ ಮೈ ದಣಿಯಬೇಕು ಅಂತ ಹೇಳುವುದು ಸುಲಭ. ಹದಿಮೂರು ದಾಟಿದ ಹುಡುಗಿಯರು ಬರುವುದು ನಿಲ್ಲಿಸಿದಾಗ ಸೋಮಾರಿತನ ಅಂದುಕೊಂಡಿದ್ದೆ, ತಪ್ಪು ನನ್ನದು. ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳಬೇಕಿತ್ತು. 'ಅವರನ್ನೂ ಕರೆತನ್ನಿ' ಅಂದ ಮೇಲೆ ನಾಲ್ವರು ಮರಳಿದರು.

ಉತ್ತರ 3: ಮೇಡಂ, ತೂಕ ಯಾರೆದುರೂ ನೋಡಬೇಡಿ. ಸ್ಪ್ಯಾನಿಷ್ ಮನೆಗಳಲ್ಲಿ 'ಗೋರ್ದಿತೊ' ಅನ್ನುವುದು ನಮ್ಮ 'ಗುಂಡ' ಅಂದ ಹಾಗೆ, ಮುದ್ದಿನ ಮಾತು. ನರ್ಸಿನ ಬಾಯಲ್ಲಿ ಅದೇ ಮಾತು ಚುಚ್ಚುತ್ತದೆ. 2017-20ರ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ 2ರಿಂದ 19 ವರ್ಷದ ಹಿಸ್ಪಾನಿಕ್ (ಮೆಕ್ಸಿಕೋದಂಥ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದ) ಮಕ್ಕಳಲ್ಲಿ ಶೇ. 26.2ರಷ್ಟು ಸ್ಥೂಲಕಾಯ, ಬಿಳಿಯರಲ್ಲಿ ಶೇ. 16.6. ಇಷ್ಟು ಅಂತರವನ್ನು ಮಗುವಿನ ಬಾಯಿಚಪಲದ ಮೇಲೆ ಹೊರಿಸುವುದು ಅನ್ಯಾಯ.

ತಾಯಂದಿರನ್ನು ಜೊತೆಗೆ ಸೇರಿಸಿಕೊಳ್ಳಿ. ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಅಮ್ಮ ಹೊಲದಿಂದ ದಿನಾ ಫೋನ್ ಮಾಡಿ 'ಯಾ ಕೊಮಿಸ್ತೆ?' ಅನ್ನುತ್ತಾರೆ, ನಮ್ಮ 'ಊಟ ಆಯ್ತಾ?'ನೇ. ಈಗ ರಾತ್ರಿ ಹತ್ತಕ್ಕೆ ಇಬ್ಬರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ ಬೀಳುತ್ತವೆ. ಅಮ್ಮನದು ಮೊದಲು.