ಆಪರೇಷನ್ ಆದ ಮೊಲ ತಿನ್ನುತ್ತಿಲ್ಲ, ಹಿಕ್ಕೆಯೂ ಸಣ್ಣದಾಗಿದೆ. ಏನು ಮಾಡಲಿ?

ಕಾಜುಬಾಗ ಕಾರವಾರ (ಗುರುವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ನಮ್ಮ ಬೂದಿಗೆ ಮಂಗಳವಾರ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ಬೂದಿ ಅಂದರೆ ಬೂದಿ ಬಣ್ಣದ ಹೆಣ್ಣು ಮೊಲ. ಒಂದೂವರೆ ವರ್ಷ, ಎರಡು ಕೆಜಿಗೆ ಸ್ವಲ್ಪ ಕಮ್ಮಿ. ಇಲ್ಲಿಯ ದನದ ಡಾಕ್ಟರು ಒಳ್ಳೆಯವರೇ, ಆದರೆ "ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸ ಇಲ್ಲ, ನನ್ನ ಕೈಲಿ ಬೇಡ" ಅಂತ ನೇರವಾಗಿ ಹೇಳಿದರು. ಅದಕ್ಕೇ ಕಾಳಿ ಸೇತುವೆ ದಾಟಿ ಗೋವಾ ಕಡೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬೇಡಿ ಅಂದಿದ್ದರು. ತಿನ್ನಿಸಲಿಲ್ಲ.

ಹೊಲಿಗೆ ಚೆನ್ನಾಗಿದೆ. ದಿನಕ್ಕೆ ಹತ್ತು ಸಲ ಟಾರ್ಚ್ ಹಾಕಿ ನೋಡುತ್ತಿದ್ದೇನೆ. ಕೆಂಪಿಲ್ಲ, ಬಾವಿಲ್ಲ, ಕೀವಿಲ್ಲ. ಆದರೆ ಅವಳು ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕುಳಿತೇ ಇದ್ದಾಳೆ. ಇವತ್ತು ಬೆಳಿಗ್ಗೆಯಿಂದ ತಿಂದಿದ್ದು ಎರಡು ಕೊತ್ತಂಬರಿ ದಂಟು, ಅಷ್ಟೆ. ಹಲ್ಲು ಕಟಕಟ ಅನ್ನಿಸುತ್ತಾಳೆ. ಹಿಕ್ಕೆ ಮೊದಲು ಕಡಲೆಕಾಳಿನಷ್ಟು ಇರುತ್ತಿತ್ತು, ಈಗ ಕಾಳುಮೆಣಸಿನಷ್ಟು. ಮಧ್ಯಾಹ್ನದಿಂದ ಅದೂ ಇಲ್ಲ. ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿ ಕಳಿಸಿದ್ದಾರೆ. ನೋವಿಗೆ ಮೆಲಾಕ್ಸಿಕ್ಯಾಮ್ ಸಿರಪ್ ಐದು ದಿನ ಹೇಳಿದ್ದರು. ನಿನ್ನೆ ಉಗುಳಿಬಿಟ್ಟಳು. ಆಯಿ "ಇಷ್ಟು ಸಣ್ಣ ಜೀವಕ್ಕೆ ಎಷ್ಟಂತ ಔಷಧ ಸುರಿಯುತ್ತೀಯೇ, ಬಿಡು" ಅಂದಳು. ಬಿಟ್ಟೆ. ನಾಳೆವರೆಗೆ ಕಾಯಬಹುದಾ?

ಅಂಕೋಲಾ 77

ಹೊಲಿಗೆಗೆ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿ. ನಮ್ಮ ನಾಯಿಗೆ ಹಾಗೇ ವಾಸಿಯಾಗಿದ್ದು. ಮೊಲ ಎರಡು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ, ಹಸಿವಾದಾಗ ತಾನೇ ತಿನ್ನುತ್ತದೆ.

ತೋಟದಮನೆ ಶಿರಸಿ

ಅಂಕೋಲಾದವರೇ, ಬೇಜಾರು ಮಾಡಿಕೊಳ್ಳಬೇಡಿ, ಎರಡೂ ತಪ್ಪು. ಎಣ್ಣೆ ಹಚ್ಚಿದರೆ ಗಾಯ ಒದ್ದೆಯಾಗೇ ಇರುತ್ತದೆ, ಅದು ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚುತ್ತದೆ. ಇನ್ನು ಮೊಲ ನಾಯಿಯಲ್ಲ. ನಾಯಿ ಎರಡು ದಿನ ಉಪವಾಸ ಇದ್ದೀತು. ಮೊಲದ ಕರುಳು ಓಡುತ್ತಲೇ ಇರಬೇಕು. ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ಅದು ಅವಸರದ ಕೇಸೇ.

ತಂಗಿ, ಕಾಯಬೇಡ. ಈಗಲೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡು. ನೀನು ಹೊಲಿಗೆ ನೋಡುತ್ತಿದ್ದೀಯ. ನೋಡಬೇಕಾದ್ದು ಹಿಕ್ಕೆ. ಗೂನು ಬೆನ್ನು, ಹಲ್ಲು ಕಡಿಯುವುದು, ಇದೆಲ್ಲ ನೋವು. ನೋವಿದ್ದರೆ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಗ್ಯಾಸ್ ತುಂಬುತ್ತದೆ, ನೋವು ಇನ್ನೂ ಜಾಸ್ತಿ. ಹಾಗಾಗಿ ನಿಲ್ಲಿಸಿದ ಆ ಸಿರಪ್ಪೇ ಮೊದಲ ಔಷಧ. ತಪ್ಪಿದ ಡೋಸನ್ನು ಹೇಗೆ ಕೊಡುವುದು ಅಂತ ಡಾಕ್ಟರನ್ನೇ ಕೇಳು, ನೀನಾಗಿ ಡಬಲ್ ಮಾಡಬೇಡ. ಆಯಿಗೆ ನನ್ನ ಹೆಸರಲ್ಲಿ ಹೇಳು, ಸಿಸೇರಿಯನ್ ಆದವರಿಗೆ ನೋವಿನ ಮಾತ್ರೆ ಕೊಡದೆ ಮೂಲೆಯಲ್ಲಿ ಕೂರಿಸುತ್ತಾರಾ ಅಂತ.

ಅಂದಹಾಗೆ ಹಿಂದಿನ ರಾತ್ರಿ ಉಪವಾಸ ಹಾಕಿಸಿದ್ದು ಯಾಕೋ! ಮೊಲಕ್ಕೆ ವಾಂತಿಯೇ ಬರುವುದಿಲ್ಲ. ನಾಯಿ ಬೆಕ್ಕಿನ ಚೀಟಿಯನ್ನೇ ನಿನಗೂ ಕೊಟ್ಟಿರಬೇಕು.

ಮೊದಲು ಹೊಟ್ಟೆ ಮೆಲ್ಲಗೆ ಮುಟ್ಟಿ ನೋಡು. ಡೋಲಿನ ಹಾಗೆ ಬಿಗಿಯಾಗಿ ಉಬ್ಬಿದ್ದರೆ ಬಾಯಿಗೆ ಏನೂ ತುರುಕಬೇಡ, ರಾತ್ರಿಯೇ ಗಾಡಿ ಹತ್ತು. ಮೆತ್ತಗಿದ್ದು, ಡಾಕ್ಟರೂ ಹೂಂ ಅಂದರೆ ಪೆಲೆಟ್ (ಮೊಲಕ್ಕೆ ಹಾಕುವ ಗುಳಿಗೆಯಂಥ ಒಣ ತಿಂಡಿ) ನಾಲ್ಕು ಚಮಚ ಬಿಸಿನೀರಲ್ಲಿ ನೆನೆಸಿ, ಅರೆದು, ಚಹಾ ಸೋಸುವ ಜಾಲರಿಯಲ್ಲಿ ಸೋಸು. ಸೂಜಿ ತೆಗೆದ ಸಿರಿಂಜಿನಲ್ಲಿ, ಬಾಯಿಯ ಪಕ್ಕದಿಂದ ಕೊಡು. ಮುಂದಿನ ಹಲ್ಲಿನ ಹಿಂದೆ ಒಂದು ಖಾಲಿ ಜಾಗ ಇದೆ, ಅಲ್ಲಿ. ಒಂದು ಸಲಕ್ಕೆ ಅರ್ಧ ಎಂಎಲ್, ಅದು ಜಗಿದು ನುಂಗಲಿ, ಆಮೇಲೆ ಇನ್ನೊಂದು. ಅಂಗಾತ ಮಲಗಿಸಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಹುಷಾರು. ಕಿವಿ ತಣ್ಣಗಿದೆಯಾ ಮುಟ್ಟು. ತಣ್ಣಗಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಒಂದು ಪಕ್ಕಕ್ಕಿಡು. ಸೆಕೆಯಾದರೆ ಸರಿದು ಕೂರಲು ಜಾಗ ಇರಲಿ.

ನಾನು ಇಷ್ಟು ಜೋರು ಮಾತಾಡುವುದಕ್ಕೆ ಕಾರಣ ಇದೆ. ನನ್ನ ಮೊದಲ ಮೊಲ ಚಿಕ್ಕಿಗೆ ಆಪರೇಷನ್ ಮಾಡಿಸಲಿಲ್ಲ. "ಇದೊಂದೇ ಇದೆ, ಗಂಡಿಲ್ಲ, ಯಾಕೆ ಬೇಕು" ಅಂದುಕೊಂಡೆ. ಐದನೇ ವರ್ಷಕ್ಕೆ ಮೂತ್ರದಲ್ಲಿ ರಕ್ತ ಬಂತು. ಗರ್ಭಕೋಶದಲ್ಲಿ ಗಡ್ಡೆ, ಕ್ಯಾನ್ಸರ್. ಹೆಣ್ಣು ಮೊಲಗಳಲ್ಲಿ ಮೂರ್ನಾಲ್ಕು ವರ್ಷ ದಾಟಿದ ಮೇಲೆ ಇದು ಬಹಳ ಕಾಮನ್ ಅಂತ ಆಗ ಗೊತ್ತಾಯಿತು. ನೀನು ಮಾಡಿಸಿದ್ದು ಸರಿಯೇ. ಇನ್ನು ನಾಲ್ಕು ದಿನ ದಾಟಿಸಿಕೊ.

ಕುಮಟಾ ಮೆಡಿಕಲ್

ಅಕ್ಕ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಾನು ಡಾಕ್ಟರಲ್ಲ, ಔಷಧ ಅಂಗಡಿ ಇಟ್ಟವನು. ಮನೆಯಲ್ಲಿ ಉಳಿದ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಕೊಡಬಹುದಾ ಅಂತ ಜನ ಬಂದು ಕೇಳುತ್ತಾರೆ. ಮೊಲದ ಬಾಯಿಗೆ ಅದು ಬೇಡವೇ ಬೇಡ. ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮೊಲವೇ ಹೋಗುತ್ತದೆ.

ಆ ಕಾಲರ್ ಬಗ್ಗೆಯೂ ಡಾಕ್ಟರನ್ನು ಕೇಳಿ. ಮೊಲ ದ್ರಾಕ್ಷಿ ಗೊಂಚಲಿನಂಥ ಒಂದು ಮೆತ್ತಗಿನ ಹಿಕ್ಕೆ ಹಾಕಿ, ಬಗ್ಗಿ ಅಲ್ಲಿಂದಲೇ ತಿನ್ನುತ್ತದೆ. ಹೇಸಿಗೆ ಅಲ್ಲ, ಅದು ಅದರ ಊಟದ ಎರಡನೇ ಪಂಕ್ತಿ. ಕಾಲರ್ ಇದ್ದರೆ ಬಾಯಿ ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮನೆಯಲ್ಲಿ ಹಳೆ ಬನಿಯನ್ನಿನ ತೋಳು ಕತ್ತರಿಸಿ, ಕಾಲಿಗೆ ನಾಲ್ಕು ತೂತು ಮಾಡಿ ತೊಡಿಸಿದ್ದೆವು. ಬಾಲದ ಕಡೆ ಬಿಟ್ಟಿರಬೇಕು. ಜೊತೆಗೆ ಗಂಡು ಮೊಲ ಇದೆಯಾ?

ಕಾಜುಬಾಗ ಕಾರವಾರ (ಶುಕ್ರವಾರ, ಬೆಳಿಗ್ಗೆ 6.40)

ಇದೆ, ಕರಿಯ ಅಂತ. ರಾತ್ರಿಯೇ ಬೇರೆ ಪಂಜರಕ್ಕೆ ಹಾಕಿದೆ. ನಡುವೆ ಜಾಲರಿ ಇದೆ, ಇಬ್ಬರೂ ಮೂಗು ತಾಗಿಸಿಕೊಂಡು ಮಲಗಿದ್ದಾರೆ.

ಡಾಕ್ಟರು ಫೋನ್ ಎತ್ತಿದರು, ಪುಣ್ಯ. ಸಿರಪ್ ಆಗಲೇ ಕೊಡಿ ಅಂದರು. ಹೊಟ್ಟೆ ಮೆತ್ತಗಿತ್ತು, ಸಿರಿಂಜಲ್ಲಿ ತಿನ್ನಿಸಿ, ಬೆಳಿಗ್ಗೆವರೆಗೆ ಹಿಕ್ಕೆ ಬರದಿದ್ದರೆ ಕರೆದುಕೊಂಡು ಬನ್ನಿ ಅಂದರು. ಕಾಲರ್ ತೆಗೆಯಿರಿ, ಆದರೆ ಹೊಲಿಗೆ ಕಚ್ಚದ ಹಾಗೆ ಕಣ್ಣಿಡಿ ಅಂತಲೂ ಹೇಳಿದರು. ಬನಿಯನ್ ಅಪ್ಪನದು. ಆಯಿಯೇ ಹೊಲಿದುಕೊಟ್ಟಳು, ಸಿಸೇರಿಯನ್ ಮಾತು ನಾಟಿದೆ.

ಹನ್ನೊಂದಕ್ಕೆ ಆರು ಎಂಎಲ್ ನುಂಗಿದಳು, ಒಂದಕ್ಕೆ ಇನ್ನೊಂದೆಂಟು. ಮೂರೂವರೆಗೆ ಕರಕರ ಸದ್ದು. ನೋಡಿದರೆ ದಾಸವಾಳದ ಎಲೆ ತಿನ್ನುತ್ತಿದ್ದಾಳೆ! ಈಗ ಹಳೇ ಪೇಪರಿನ ಮೇಲೆ ಒಂಬತ್ತು ಹಿಕ್ಕೆ. ಸಣ್ಣವೇ, ಎರಡು ಕೂದಲಿಗೆ ಪೋಣಿಸಿಕೊಂಡಿವೆ. ಅಪ್ಪ ಕನ್ನಡಕ ಹಾಕಿಕೊಂಡು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿದ್ದಾರೆ.

ಒಂದೇ ತೊಂದರೆ, ಒಣ ಹುಲ್ಲು. ಈ ಮಳೆಗೆ ತರಿಸಿದ್ದೆಲ್ಲ ಬೂಸ್ಟು ಹಿಡಿದಿದೆ.

ತೋಟದಮನೆ ಶಿರಸಿ

ಬೂಸ್ಟು ಹಿಡಿದದ್ದನ್ನು ಎಸೆದುಬಿಡು, ಒಂದು ಎಳೆಯೂ ಬೇಡ. ನಮ್ಮ ಅಟ್ಟದ ಮೇಲೆ ಬೇಣದ ಕರಡ, ಅಂದರೆ ಹುಲ್ಲುಗಾವಲಿನ ಒಣ ಹುಲ್ಲು ಇದೆ, ಒಲೆಯ ಹೊಗೆಗೆ ಗರಿಗರಿ ಇದೆ. ಒಂದು ಚೀಲ ಕಾರವಾರ ಬಸ್ಸಿಗೆ ಹಾಕುತ್ತೇನೆ. ಅಲ್ಲಿವರೆಗೆ ಗರಿಕೆ ಕೊಡು, ತೊಳೆದು ನೀರು ಒರೆಸಿ. ಹತ್ತು ದಿನ ಮಂಚ, ಕುರ್ಚಿ ಹತ್ತಲು ಬಿಡಬೇಡ. ಸಿರಪ್ ಐದೂ ದಿನ.

ಕಾಜುಬಾಗ ಕಾರವಾರ (ಭಾನುವಾರ)

ಚೀಲ ಬಂತು ಅಕ್ಕ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಎಮ್ಮೆ ಎಷ್ಟಿವೆ ಮೇಡಂ?" ಅಂದರು. ಎರಡು ಮೊಲ ಅಂದೆ. ಚೀಲ ನೋಡಿದರು, ನನ್ನನ್ನು ನೋಡಿದರು, ರೈಟ್ ಅಂದರು. ಇವತ್ತಿನ ಲೆಕ್ಕ, ಅಪ್ಪನ ಪ್ರಕಾರ, ನೂರಾ ಹನ್ನೆರಡು. ಎಲ್ಲ ಕಡಲೆಕಾಳಿನ ಸೈಜು.