‘ಓವರ್‌ಡಯಾಗ್ನೋಸಿಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೆ,

ಥೈರಾಯ್ಡ್ ಕ್ಯಾನ್ಸರ್ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಓವರ್‌ಡಯಾಗ್ನೋಸಿಸ್’ ಹತ್ತಿರ ಬಂದು ಗಾಡಿ ನಿಂತಿದೆ.

ಮೊದಲು ಅರ್ಥ. ದಕ್ಷಿಣ ಕೊರಿಯಾದ ಸರ್ಕಾರ 1999ರಲ್ಲಿ ಕ್ಯಾನ್ಸರ್ ತಪಾಸಣೆ ಶುರುಮಾಡಿತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ. ಹೇಗೂ ಬಂದಿದ್ದೀರಿ, ಸ್ವಲ್ಪ ದುಡ್ಡು ಕೊಟ್ಟರೆ ಕುತ್ತಿಗೆಯದೂ ಸ್ಕ್ಯಾನ್ ಆಗುತ್ತದೆ ಎಂಬಂತೆ ಆಸ್ಪತ್ರೆಗಳು ಅದನ್ನು ಸೇರಿಸಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ 15 ಪಟ್ಟಾಯಿತು. ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಅಂದರೆ ಸಿಕ್ಕ ಗಂಟುಗಳಲ್ಲಿ ಬಹುಪಾಲು, ಸುಮ್ಮನೆ ಬಿಟ್ಟಿದ್ದರೆ ಬದುಕಿರುವ ತನಕ ತಂಟೆಗೆ ಬರುತ್ತಿರಲಿಲ್ಲ. ಇಂಥ ರೋಗವನ್ನು ಪತ್ತೆ ಮಾಡುವುದೇ ‘ಓವರ್‌ಡಯಾಗ್ನೋಸಿಸ್’. ಗ್ರಂಥಿ ತೆಗೆಸಿಕೊಂಡವರಲ್ಲಿ ಬಹುಮಂದಿಗೆ ಜೀವನಪೂರ್ತಿ ಮಾತ್ರೆ, ಕೆಲವರಿಗೆ ದನಿಯ ನರಕ್ಕೆ ಪೆಟ್ಟು.

ತೊಡಕು ಇಲ್ಲಿದೆ. ಬಯಾಪ್ಸಿ ಕ್ಯಾನ್ಸರ್ ಎಂದಿತು, ಅದು ಕ್ಯಾನ್ಸರೇ. ಹಾಗಾಗಿ ‘ತಪ್ಪು ರೋಗನಿರ್ಣಯ’ ಎನ್ನುವಂತಿಲ್ಲ. ‘ಅತಿರೋಗನಿರ್ಣಯ’ ಎಂದರೆ ‘ಅತಿರೋಗ’ ಎಂದು ಒಡೆದು ಓದಿ, ಅತಿಸಾರದ ನೆಂಟನಿರಬೇಕು ಎಂದುಕೊಂಡಾರು. ರೋಗ ಗುರುತಿಸುವುದಕ್ಕೆ ‘ನಿದಾನ’ ಎಂಬುದು ಹಳೆಯ ಆಯುರ್ವೇದ ಗ್ರಂಥ ಮಾಧವನಿದಾನದ ಕಾಲದಿಂದ ವೈದ್ಯರ ಮಾತೇ. ಆದರೆ ‘ಅತಿನಿದಾನ’ ಎಂದು ಬರೆದುಕೊಟ್ಟರೆ ಕರಡು ತಿದ್ದುವವರು ಮಹಾಪ್ರಾಣ ಹಾಕಿ ‘ಅತಿ ನಿಧಾನ’ ಮಾಡುವುದು ಖಂಡಿತ. ಆಸ್ಪತ್ರೆಯ ಸಾಲಿಗೆ ಅದು ಒಪ್ಪುತ್ತದೆ, ಇಲ್ಲಿಗಲ್ಲ.

ಅತ್ತೆಗೆ ವಿವರಿಸಿದರೆ ‘ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನು’ ಎಂದರು. ಗಾದೆ ಚೆನ್ನ, ಆದರೆ ತಪ್ಪನ್ನೆಲ್ಲ ರೋಗಿಯ ತಲೆಗೆ ಕಟ್ಟುತ್ತದೆ. ಸ್ಕ್ಯಾನ್ ಮಾಡಿಸಿ ಎಂದವರು ಬೇರೆಯಲ್ಲವೆ? ಇರುವೆಯ ದೆಸೆಯಿಂದ ‘ಕೆದಕು’ ಹೊಳೆಯಿತು: ‘ಕೆದಕಿ ಕಂಡ ರೋಗ’. ಕೆದಕಿದವರು ಯಾರೆಂದು ಹೇಳದಿರುವುದು ಅದರ ಅನುಕೂಲ. ಆದರೆ ಹಾಗೆ ಕಂಡದ್ದರಲ್ಲಿ ನಿಜಕ್ಕೂ ಕೊಲ್ಲುವಂಥದ್ದೂ ಇದ್ದೀತು. ‘ಬೇಡದ ಪತ್ತೆ’ಯಲ್ಲಿ ಬೇಡವೆಂದು ಮೊದಲೇ ಗೊತ್ತಿದ್ದ ಧ್ವನಿಯಿದೆ; ಯಾರ ಗಂಟು ಸುಮ್ಮನಿರುತ್ತದೆ, ಯಾರದು ಹಬ್ಬುತ್ತದೆ ಎಂದು ಪತ್ತೆಯಾದ ದಿನ ವೈದ್ಯರೂ ಖಚಿತವಾಗಿ ಹೇಳಲಾರರು.

ಸದ್ಯಕ್ಕೆ ‘ಮಿತಿಮೀರಿದ ಪತ್ತೆ’ ಎಂದು ಬರೆದಿದ್ದೇನೆ. ಇಡೀ ದೇಶದ ಲೆಕ್ಕ ಹೇಳುವಾಗ ನಡೆಯುತ್ತದೆ. ಎದುರಿಗೆ ಕೂತ ರೋಗಿಗೆ ‘ನಿಮ್ಮದು ಮಿತಿಮೀರಿದ ಪತ್ತೆ’ ಎಂದರೆ ರೋಗವೇ ಮಿತಿಮೀರಿದೆ ಎಂದು ಎದೆ ಒಡೆದುಕೊಳ್ಳುತ್ತಾರೆ.

ಬಳಗದಲ್ಲಿರುವ ವೈದ್ಯರು, ನರ್ಸ್‌ಗಳು ರೋಗಿಗಳಿಗೆ ಇದನ್ನು ಯಾವ ಮಾತಿನಲ್ಲಿ ತಿಳಿಸುತ್ತೀರಿ? ಹುಬ್ಬಳ್ಳಿ, ಕಲಬುರಗಿ ಕಡೆಯವರ ಬಾಯಲ್ಲಿ ಬೇರೆ ಪದವೇನಾದರೂ ಇದೆಯೆ?