ಪದಚರ್ಚೆ: ಬಸುರಿಯರ ಕರಪತ್ರದಲ್ಲಿ ‘ಉತ್ಕರ್ಷಣ ಒತ್ತಡ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿರಸಿ ಸುತ್ತಿನ ಹಳ್ಳಿಗಳ ಬಸುರಿಯರಿಗೂ ಅವರ ಮನೆಯವರಿಗೂ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಬಸುರಿನಲ್ಲಿ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಅದರ ವಿಷಯ. ಅಲ್ಲಿ ಬರುವ ‘ಆಕ್ಸಿಡೇಟಿವ್ ಸ್ಟ್ರೆಸ್’ಗೆ ‘ಉತ್ಕರ್ಷಣ ಒತ್ತಡ’ ಎಂದು ಬರೆದೆ (ಉತ್ಕರ್ಷಣ ಎಂದರೆ ಆಕ್ಸಿಡೇಶನ್, ಕಬ್ಬಿಣ ತುಕ್ಕು ಹಿಡಿಯುವಂಥ ರಾಸಾಯನಿಕ ಕ್ರಿಯೆ). ಓದಿದ ಅಜ್ಜಿಯೊಬ್ಬರು, “ಅಷ್ಟೆಲ್ಲ ತಲೆಬಿಶಿ ಮಾಡ್ಕಂಡ್ರೆ ಇನ್ನೆಂತ ಆಗ್ತು” ಎಂದುಬಿಟ್ಟರು. ಅಲ್ಲಿಗೆ ಕೈ ನಿಂತಿದೆ.

ಅರ್ಥ ಹೀಗೆ. ಜೀವಕೋಶಗಳು ಆಮ್ಲಜನಕ ಬಳಸುವಾಗ, ತಾಗಿದ್ದನ್ನು ಕೆಡಿಸಬಲ್ಲ ಚುರುಕಾದ ಕಣಗಳು ಹುಟ್ಟುತ್ತವೆ. ಅಲ್ಪ ಪ್ರಮಾಣದಲ್ಲಿ ಅವು ಬೇಕಾದವೇ, ಕೋಶಗಳು ಸಂದೇಶ ಸಾಗಿಸಲು ಬಳಸಿಕೊಳ್ಳುತ್ತವೆ. ಅವನ್ನು ತಣಿಸುವ ಶಕ್ತಿ ದೇಹಕ್ಕೆ ಸಾಲದಾದಾಗ ಆ ಸ್ಥಿತಿಗೆ ಈ ಹೆಸರು. ಬಸುರಿನ ಮೊದಲ ಹತ್ತು ವಾರ ಭ್ರೂಣ ಕಡಿಮೆ ಆಮ್ಲಜನಕದಲ್ಲೇ ಬೆಳೆಯುತ್ತದೆ. ಸುಮಾರು ಹನ್ನೆರಡು ವಾರದ ಹೊತ್ತಿಗೆ ತಾಯಿಯ ರಕ್ತ ಮಾಸಿನೊಳಗೆ (ಹೊಟ್ಟೆಯೊಳಗಿನ ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಪ್ಲಾಸೆಂಟಾ) ಸರಾಗ ಹರಿಯತೊಡಗುತ್ತದೆ. ಅದಕ್ಕೆ ಗರ್ಭಕೋಶದ ಸುರುಳಿ ರಕ್ತನಾಳಗಳು ಅಗಲವಾಗಬೇಕು. ಆಗದೆ ಹೋದರೆ ರಕ್ತ ಒಮ್ಮೆ ಕುಗ್ಗಿ, ಒಮ್ಮೆ ನುಗ್ಗಿ, ಈ ಕಣಗಳು ಹೆಚ್ಚಿ ಮಾಸು ಘಾಸಿಗೊಳ್ಳುತ್ತದೆ. ಘಾಸಿಗೊಂಡ ಮಾಸು ಬಿಡುವ ಪ್ರೋಟೀನುಗಳು ತಾಯಿಯ ರಕ್ತನಾಳಗಳ ಒಳಪದರಕ್ಕೆ ಹಾನಿಮಾಡುತ್ತವೆ. 20 ವಾರದ ನಂತರ ಬಿಪಿ 140/90ಕ್ಕೆ ಮುಟ್ಟುವುದು, ಮೂತ್ರದಲ್ಲಿ ಪ್ರೋಟೀನು ಕಾಣುವುದು, ಮಗು ಸಣ್ಣದಾಗುವುದು, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬರುವುದು, ಇವೆಲ್ಲದರ ಹಿಂದೆ ಈ ಕಥೆ ಇದೆ.

ಇದರಲ್ಲಿ ಹೆಣ್ಣುಮಗಳ ಚಿಂತೆಯ ಮಾತು ಎಲ್ಲಿ ಬಂತು? ಆದರೆ ಕನ್ನಡದ ‘ಒತ್ತಡ’ ಈಗ ಮನಸ್ಸಿನ ಒತ್ತಡವೇ ಆಗಿಹೋಗಿದೆ. ಮೇಲಿಂದ ಅದೇ ಪುಟದಲ್ಲಿ ‘ರಕ್ತದೊತ್ತಡ’ವೂ ಇದೆ. ಮೂರು ಒತ್ತಡಗಳು ಕಲೆತು, ಮಗು ಕಳೆದುಕೊಂಡ ತಾಯಿಗೆ “ನೀನೇ ತಲೆಬಿಸಿ ಮಾಡಿಕೊಂಡೆ” ಎಂಬ ಮಾತು ಬಂದರೆ ಅದಕ್ಕೆ ನನ್ನ ಕರಪತ್ರವೂ ಹೊಣೆ. ಹಾಗಾಗಿ ಒತ್ತಡವನ್ನು ಬಿಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೆಳೆಯರು ಕೊಟ್ಟ ಸಲಹೆಗಳಲ್ಲಿ ‘ಆಮ್ಲಜನಕದ ಬಾಧೆ’ ಎಂದರೆ ಜನ ಹುಳಿತೇಗು, ಎದೆಯುರಿ ಎಂದುಕೊಳ್ಳುತ್ತಾರೆ. (ಆಮ್ಲಗಳಲ್ಲೆಲ್ಲ ಈ ಅನಿಲ ಇದೆಯೆಂದು ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ ತಪ್ಪಾಗಿ ನಂಬಿ ಇಟ್ಟ ‘ಆಕ್ಸಿಜನ್’, ಅಂದರೆ ಆಮ್ಲ ಹುಟ್ಟಿಸುವುದು, ಎಂಬ ಹೆಸರು ಕನ್ನಡಕ್ಕೂ ಹಾಗೆಯೇ ಬಂದಿದೆ.) ‘ಒಳಗಿನ ತುಕ್ಕು’ ರಸಾಯನಶಾಸ್ತ್ರಕ್ಕೆ ಹತ್ತಿರದ್ದೇ, ಕಾರವಾರದ ಉಪ್ಪುಗಾಳಿಯಲ್ಲಿ ಕಿಟಕಿ ಸರಳು ಕಂಡವರಿಗೆ ತಟ್ಟನೆ ತಿಳಿಯುತ್ತದೆ. ಆದರೆ ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವಾಗ ತುಕ್ಕಿನ ಮಾತಾಡಿದರೆ ಮಾತ್ರೆ ಕಪಾಟಿನಲ್ಲೇ ಉಳಿದೀತು. ‘ಘಾಸಿ’ ಪರಿಣಾಮವನ್ನು ಹೇಳುತ್ತದೆ, ಸ್ಥಿತಿಯನ್ನಲ್ಲ. ತಾಳುವ ಶಕ್ತಿ ಮೀರಿದ್ದು ಎಂಬ ಅರ್ಥಕ್ಕೆ ‘ಉತ್ಕರ್ಷಣ ಹೊರೆ’ ನನಗೆ ಹಿಡಿಸಿದೆ. ಸೊಪ್ಪಿನ ಹೊರೆ ಹೊರುವ ಊರಿನಲ್ಲಿ ಇದನ್ನೂ ತಲೆಹೊರೆ ಎಂದುಕೊಂಡಾರೇ ಎಂಬ ಅಳುಕು ಮಾತ್ರ ಇದೆ.

ಹಳಬರು ಈ ಕಾಯಿಲೆಗೇ ‘ನಂಜು’ ಎನ್ನುವುದುಂಟು. ಅದನ್ನು ಬಳಸಲು ನನಗೆ ಮನಸ್ಸಿಲ್ಲ. ನಂಜು ಎಂದ ಕೂಡಲೇ ಬದನೆಕಾಯಿಯಿಂದ ಶುರುವಾಗಿ ಒಂದೊಂದೇ ಪದಾರ್ಥ ಬಸುರಿಯ ಬಾಳೆಯಿಂದ ಮರೆಯಾಗುತ್ತದೆ.

ಆ ಚುರುಕು ಕಣಗಳನ್ನು ತಣಿಸುವ ‘ಆ್ಯಂಟಿಆಕ್ಸಿಡೆಂಟ್’ಗೆ ‘ಉತ್ಕರ್ಷಣ ನಿರೋಧಕ’ ಸಾಕು. ಜೊತೆಗೆ ಒಂದು ಸಾಲು ಸೇರಿಸುತ್ತಿದ್ದೇನೆ: ಇಂಥ ನಿರೋಧಕಗಳಾದ ಸಿ ಜೀವಸತ್ವವನ್ನು ದಿನಕ್ಕೆ 1000 ಮಿಲಿಗ್ರಾಂ, ಇ ಜೀವಸತ್ವವನ್ನು 400 ಯೂನಿಟ್ ಬಸುರಿಯರಿಗೆ ಕೊಟ್ಟು ನೋಡಿದ, 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಪ್ರಿಎಕ್ಲಾಂಪ್ಸಿಯಾ ಕಡಿಮೆಯಾಗಲಿಲ್ಲ. ಹೆಸರು ಕೇಳಿ ಮಾತ್ರೆ ಕೊಳ್ಳಲು ಹೊರಡುವವರಿಗೆ ಇದು ಗೊತ್ತಿರಬೇಕು.

ಈಗ ಕೇಳುವುದು ಎರಡೇ. ‘ಹೊರೆ’ ನಡೆಯುತ್ತದೆಯೇ, ಇನ್ನೂ ಒಳ್ಳೆಯದು ಹೊಳೆಯುತ್ತದೆಯೇ? ಮತ್ತೆ, ‘ಜರಾಯು’ ಬಿಟ್ಟು ‘ಮಾಸು’ ಎಂದೇ ಬರೆದಿದ್ದೇನೆ. ಅಂಕೋಲಾ, ಕುಮಟಾ, ಹೊನ್ನಾವರ ಕಡೆಯವರು, ಅದರಲ್ಲೂ ಮನೆಯಲ್ಲಿ ಸೂಲಗಿತ್ತಿಯರಿದ್ದವರು, ನಿಮ್ಮಲ್ಲಿ ಹೆಂಗಸರು ಇದಕ್ಕೆ ಏನನ್ನುತ್ತಾರೆ ಎಂದು ದಯವಿಟ್ಟು ಕೇಳಿ ತಿಳಿಸಿ. ಕೊಂಕಣಿ ಮನೆಮಾತಿನವರ ಪದವೂ ಬೇಕು.